ಎಡಗೈಯಲ್ಲಿ ವಿಮಾನ, ಬಲಗೈಯಲ್ಲಿ ಪೆನ್ನು: ಒಂದು ಪಾಠ ಮತ್ತು ಅದರ ಮರುಪಾಠ

ತರಗತಿ: 8, ಕನ್ನಡ ಮಾಧ್ಯಮ
ವಿಷಯ: ವಿಜ್ಞಾನ
ಘಟಕ: ಬಲ ಮತ್ತು ಒತ್ತಡ
ಶಾಲೆ: ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಸರ್ಕಾರಿ ಪ್ರೌಢಶಾಲೆ
ಪಾಠಗಳು: ಎರಡು, ನಡುವೆ ಒಂದು ಕಿರು ಪರೀಕ್ಷೆ

ನನ್ನ ಹದಿನಾಲ್ಕನೆಯ ಅಭ್ಯಾಸ ಪಾಠ ಚೆನ್ನಾಗಿ ಆಯಿತೆಂದು ಮಾರ್ಗದರ್ಶಕ ಶಿಕ್ಷಕಿ ವೀಕ್ಷಣಾ ಪುಸ್ತಕದಲ್ಲಿ ಬರೆದರು. ಪೀಠಿಕೆ ಆಕರ್ಷಕವಾಗಿದೆ, ಮಕ್ಕಳ ಭಾಗವಹಿಸುವಿಕೆ ಉತ್ತಮ, ಕಪ್ಪುಹಲಗೆಯ ಕೆಲಸ ಇನ್ನಷ್ಟು ಸುಧಾರಿಸಬೇಕು ಎಂಬುದು ಅವರ ಅಭಿಪ್ರಾಯ. ಅದೇ ಪಾಠದಿಂದ ಮೂರನೇ ಬೆಂಚಿನ ಒಬ್ಬ ಹುಡುಗಿಗೆ ತೊಂದರೆಯಾಯಿತು. ಅದು ವೀಕ್ಷಣಾ ಪುಸ್ತಕದಲ್ಲಿ ಇಲ್ಲ, ಏಕೆಂದರೆ ಆ ದಿನ ನಮ್ಮಿಬ್ಬರಿಗೂ ಅದು ಕಾಣಲಿಲ್ಲ. ಸಹಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ವಿಮಾನ ಪಾಠದೊಳಗೆ ಬಂದದ್ದು

ಘಟಕದ ಹೆಸರನ್ನು ಹಲಗೆಯ ಮೇಲೆ ಬರೆದ ಮೊದಲ ದಿನವೇ ಒಬ್ಬ ಹುಡುಗ ಕೇಳಿದ್ದ: "ಮಿಸ್, ಬಲ ಅಂದ್ರೆ ಬಲಗಡೆನಾ?" ತರಗತಿ ನಕ್ಕಿತು. ಆದರೆ ಪ್ರಶ್ನೆ ಸುಳ್ಳಲ್ಲ. ನಮ್ಮ ಭಾಷೆಯಲ್ಲಿ ಶಕ್ತಿಗೂ ಬಲ, ಬಲಗಡೆಗೂ ಬಲ. ತಳ್ಳುವುದು, ಎಳೆಯುವುದು ಎರಡೂ ಬಲವೇ, ಅದಕ್ಕೆ ದಿಕ್ಕೂ ಇದೆ ಪರಿಮಾಣವೂ ಇದೆ ಎಂದು ವಿವರಿಸಲು ಮಕ್ಕಳಿಗೆ ಇಷ್ಟವಾಗುವ ಉದಾಹರಣೆಯೊಂದು ಬೇಕಿತ್ತು.

ಈ ಮಕ್ಕಳಿಗೆ ವಿಮಾನ ಇಷ್ಟ. ಹತ್ತಿರದ ಜಾಲಹಳ್ಳಿಯಲ್ಲಿ ವಾಯುಪಡೆಯ ನೆಲೆ ಇದೆ. ಯಲಹಂಕದಲ್ಲಿ 1996ರಿಂದ ಏರೋ ಇಂಡಿಯಾ ಪ್ರದರ್ಶನ ನಡೆಯುತ್ತಿದೆ. ಆ ವಾರ ನಮ್ಮ ಕಡೆಯ ಮಕ್ಕಳೆಲ್ಲ ಮನೆಯ ತಾರಸಿಯ ಮೇಲೆ ಇರುತ್ತಾರೆ. ಹಾಗಾಗಿ ಪೈಲಟ್ ಕೈಯಲ್ಲಿ ತಳ್ಳಿದರೆ, ಎಳೆದರೆ ವಿಮಾನಕ್ಕೆ ಏನಾಗುತ್ತದೆ ಎಂಬುದನ್ನೇ ಪೀಠಿಕೆಯಾಗಿ ಇಟ್ಟುಕೊಂಡೆ.

ವಿಷಯ ಸಂಗ್ರಹಕ್ಕಾಗಿ, ಪದವಿಯಲ್ಲಿ ನನ್ನ ಜೊತೆ ಓದಿದ ಗೆಳತಿಯ ಅಣ್ಣನನ್ನು ಮಾತನಾಡಿಸಿದೆ. ಅವರು ಜಕ್ಕೂರಿನಲ್ಲಿ ಹಾರಾಟ ಕಲಿತವರು. 1940ರ ದಶಕದ ಕೊನೆಯಲ್ಲಿ ಆರಂಭವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಅಲ್ಲಿದೆ. ಅವರು ಬಲಗೈಯವರು. "ಮೊದಮೊದಲು ಎತ್ತರ ನೋಡಿ ಭಯ ಆಗಲಿಲ್ಲ, ಎಡಗೈ ನೋಡಿ ಭಯ ಆಯ್ತು" ಎಂದರು. ಅಲ್ಲಿಂದ ನನ್ನ ಪಾಠಕ್ಕೆ ಹೊಸ ದಾರಿ ಸಿಕ್ಕಿತು.

ಕಾಕ್‌ಪಿಟ್‌ನಲ್ಲಿ ಯಾವ ಕೈಗೆ ಯಾವ ಕೆಲಸ

ತರಬೇತಿಗೆ ಲೋಕದಲ್ಲೆಲ್ಲ ಬಳಸುವ ಸೆಸ್ನಾ 172 ವಿಮಾನವನ್ನೇ ತೆಗೆದುಕೊಳ್ಳೋಣ. 1950ರ ದಶಕದಿಂದ ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಮುಂದೆ ಎರಡು ಆಸನ ಅಕ್ಕಪಕ್ಕ. ಕಲಿಯುವವರು ಎಡಗಡೆ, ಕಲಿಸುವವರು ಬಲಗಡೆ ಕೂರುತ್ತಾರೆ. ಇಬ್ಬರ ಮುಂದೆಯೂ ಒಂದೊಂದು ಯೋಕ್, ಅಂದರೆ ಸ್ಟೀರಿಂಗಿನಂಥ ಹಿಡಿಕೆ. ಎಂಜಿನ್ನಿನ ವೇಗ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಮಾತ್ರ ಒಂದೇ, ಅದು ಇಬ್ಬರ ನಡುವೆ. ಎಡಗಡೆ ಕೂತವರ ಬಲಗೈ ನಡುವಿನ ಥ್ರಾಟಲ್ ಹಿಡಿಯಬೇಕು. ಆದ್ದರಿಂದ ಯೋಕ್ ಎಡಗೈಗೆ ಉಳಿಯುತ್ತದೆ. ಬಲಗೈಯವರು ವಿಮಾನ ಹಾರಿಸುವುದನ್ನು ಕಲಿಯುವುದು ಹೀಗೆ, ತಮ್ಮ ಎಡಗೈಯಲ್ಲಿ.

ದೊಡ್ಡ ವಿಮಾನದಲ್ಲೂ ಇದೇ ಕಥೆ. ಏರ್‌ಬಸ್ ಎ320ರಲ್ಲಿ ಯೋಕ್ ಇಲ್ಲ, ಪಕ್ಕದಲ್ಲಿ ಒಂದು ಚಿಕ್ಕ ಕೋಲು ಇದೆ. ಎಡಗಡೆ ಕೂರುವ ಕ್ಯಾಪ್ಟನ್‌ಗೆ ಅದು ಎಡಗೈಯಲ್ಲಿ, ಬಲಗಡೆ ಕೂರುವ ಸಹಪೈಲಟ್‌ಗೆ ಬಲಗೈಯಲ್ಲಿ. ಸಹಪೈಲಟ್ ಆಗಿದ್ದವರು ಕ್ಯಾಪ್ಟನ್ ಆದ ದಿನ ಭುಜದ ಪಟ್ಟಿಯ ಜೊತೆಗೆ ಕೈಯೂ ಬದಲಾಗುತ್ತದೆ. ಬೆಂಗಳೂರಿನಲ್ಲೇ 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ ಯುದ್ಧವಿಮಾನದಲ್ಲಿ ವ್ಯವಸ್ಥೆ ಬೇರೆ. ಕೋಲು ಪೈಲಟ್‌ನ ಮೊಣಕಾಲುಗಳ ನಡುವೆ ಇದೆ, ಅದಕ್ಕೆ ಬಲಗೈ. ಥ್ರಾಟಲ್ ಎಡಗೈಗೆ. ಎಂದರೆ ಯಾವ ಕೈ ಎಂಬುದನ್ನು ತೀರ್ಮಾನಿಸುವುದು ಆಸನ ಮತ್ತು ಯಂತ್ರದ ಜೋಡಣೆ. ಅಲ್ಲಿ ಪೈಲಟ್‌ನ ಇಷ್ಟ ನಡೆಯುವುದಿಲ್ಲ.

ಯೋಕನ್ನು ತನ್ನ ಕಡೆ ಎಳೆದರೆ ಬಾಲದ ಎಲಿವೇಟರ್ ಹಲಗೆ ಮೇಲೇಳುತ್ತದೆ. ಗಾಳಿ ಬಾಲವನ್ನು ಕೆಳಕ್ಕೆ ಒತ್ತುತ್ತದೆ, ಮೂತಿ ಮೇಲೇಳುತ್ತದೆ. ಎಡಕ್ಕೆ ತಿರುಗಿಸಿದರೆ ಎಡ ರೆಕ್ಕೆಯ ಏಲರಾನ್ ಮೇಲೆ, ಬಲ ರೆಕ್ಕೆಯದು ಕೆಳಗೆ ಹೋಗಿ ವಿಮಾನ ಎಡಕ್ಕೆ ವಾಲುತ್ತದೆ. ಕೈ ಕೊಡುವುದು ಸಣ್ಣ ಬಲ, ದೊಡ್ಡ ಬಲ ಗಾಳಿಯದು. ಒಂದೇ ಸಮನೆ ಹಿಡಿದಿರಬೇಕಾದ ಒತ್ತಡವನ್ನು ಕಳೆಯಲು ಟ್ರಿಮ್ ಚಕ್ರವೂ ಇದೆ. ಬಿಗಿಯಾಗಿ ಹಿಡಿಯಬೇಡ, ಬೆರಳಲ್ಲಿ ಹಿಡಿ ಎಂದು ಜಕ್ಕೂರಿನಲ್ಲಿ ಇವರಿಗೆ ಪದೇಪದೇ ಹೇಳುತ್ತಿದ್ದರಂತೆ. ಎಡಗೈ ಸಾಕಾಗುವುದಕ್ಕೆ ಇದು ಮುಖ್ಯ ಕಾರಣ. ಅಲ್ಲಿ ಬೇಕಾದದ್ದು ನಾಜೂಕಾದ ಬೆರಳಿನ ಕೆಲಸವಲ್ಲ, ಸಣ್ಣದಾಗಿ, ನಿಧಾನವಾಗಿ, ಬಿಡದೆ ತಿದ್ದುತ್ತಾ ಹೋಗುವ ಕೆಲಸ. ತಪ್ಪಿದರೆ ಹೊರಗಿನ ದಿಗಂತ ನೋಡಿ ಕೂಡಲೇ ಗೊತ್ತಾಗುತ್ತದೆ.

ಬಲಗೈ ಸುಮ್ಮನೆ ಇರುವುದಿಲ್ಲ. ಥ್ರಾಟಲ್, ರೇಡಿಯೋ ಗುಂಡಿಗಳು ಅದರ ಪಾಲು. ಗೋಪುರದಿಂದ ಬರುವ ಸೂಚನೆಯನ್ನು ತೊಡೆಗೆ ಕಟ್ಟಿಕೊಂಡ ಹಲಗೆಯ ಮೇಲೆ ಬರೆದುಕೊಳ್ಳುವುದೂ ಅದೇ. ಈ ಮಾತನ್ನು ಅವರು ಹೇಳಿದರು, ನಾನು ಬರೆದುಕೊಂಡೆ, ಪಾಠದಲ್ಲಿ ಬಿಟ್ಟುಬಿಟ್ಟೆ. ತಪ್ಪು ಶುರುವಾದದ್ದು ಅಲ್ಲಿ.

ಮೊದಲ ಪಾಠ

ಬಿ.ಇಡಿ. ಮನೋವಿಜ್ಞಾನ ಪ್ರಯೋಗದಲ್ಲಿ ನಾವೆಲ್ಲ ಮಿರರ್ ಡ್ರಾಯಿಂಗ್ ಮಾಡಿದ್ದೇವೆ. ಕೈಯನ್ನು ಮರೆಮಾಡಿ, ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯುವುದು. ಮೊದಲು ಎಡಗೈಯಲ್ಲಿ ಒಂದು ಸಲ, ಆಮೇಲೆ ಬಲಗೈಯಲ್ಲಿ ಹಲವು ಸಲ, ಕೊನೆಗೆ ಮತ್ತೆ ಎಡಗೈಯಲ್ಲಿ. ನಡುವೆ ಎಡಗೈ ಏನೂ ಅಭ್ಯಾಸ ಮಾಡದಿದ್ದರೂ ಕೊನೆಯ ಸಲ ಅದರ ತಪ್ಪು ಕಡಿಮೆ, ಸಮಯವೂ ಕಡಿಮೆ. ಒಂದು ಕೈ ಕಲಿತದ್ದರಲ್ಲಿ ಒಂದು ಪಾಲು ಇನ್ನೊಂದಕ್ಕೆ ಸಿಗುತ್ತದೆ. ಇದಕ್ಕೆ ದ್ವಿಪಾರ್ಶ್ವ ವರ್ಗಾವಣೆ ಎನ್ನುತ್ತೇವೆ.

ಇದನ್ನೇ ತರಗತಿಗೆ ತಕ್ಕಂತೆ ಮಾಡಿಕೊಂಡೆ. ಹಾಳೆಯ ಮೇಲೆ ಅಂಕುಡೊಂಕಾದ ರನ್‌ವೇ ಬರೆದು ಎಲ್ಲರೂ ಎಡಗೈಯಲ್ಲಿ ಪೆನ್ಸಿಲ್ ಓಡಿಸಲಿ ಎಂದೆ. ಗದ್ದಲವೋ ಗದ್ದಲ. ಮೂರನೇ ಸಲಕ್ಕೆ ಬಹಳ ಮಂದಿಯ ಗೆರೆ ನೆಟ್ಟಗಾಯಿತು. ಖುಷಿಯಲ್ಲಿ ನಾನು ಹೇಳಿದೆ: "ನೋಡಿದ್ರಾ? ಪೈಲಟ್‌ಗಳು ಇನ್ನೊಂದು ಕೈಯಲ್ಲಿ ವಿಮಾನವನ್ನೇ ಹಾರಿಸ್ತಾರೆ. ಅಭ್ಯಾಸ ಮಾಡಿದ್ರೆ ಯಾವ ಕೈಯಲ್ಲಿ ಬೇಕಾದ್ರೂ ಏನು ಬೇಕಾದ್ರೂ ಮಾಡಬಹುದು." ಮಕ್ಕಳು ಚಪ್ಪಾಳೆ ತಟ್ಟಿದರು.

ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು. ರಾಯಚೂರು ಕಡೆಯಿಂದ ಬಂದ ಮನೆಯವಳು, ತಾಯಿ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಾರೆ. ತರಗತಿಯಲ್ಲಿ ಎಡಗೈಯಲ್ಲಿ ಬರೆಯುವ ಇಬ್ಬರಲ್ಲಿ ಅವಳೊಬ್ಬಳು. "ಹಂಗಾರ ನಾನೂ ಬಲಗೈಲೆ ಬರದ್ರ ಬರತೈತೇನ್ರೀ ಮೇಡಂ?"

"ಬರುತ್ತೆ, ಪ್ರಯತ್ನ ಮಾಡು" ಎಂದೆ. ಬೆಲ್ ಹೊಡೆಯಲು ಎರಡು ನಿಮಿಷವಿತ್ತು.

ಕಿರು ಪರೀಕ್ಷೆ

ಹನ್ನೊಂದು ದಿನಗಳ ನಂತರ 20 ಅಂಕಗಳ ಕಿರು ಪರೀಕ್ಷೆ ಕೊಟ್ಟೆ. ಅವಳ ಉತ್ತರಪತ್ರಿಕೆಯಲ್ಲಿ ಅರ್ಧ ಪ್ರಶ್ನೆಗಳು ಖಾಲಿ. ಬರೆದ ಅಕ್ಷರಗಳು ದೊಡ್ಡದಾಗಿ, ಒಂದರ ಮೇಲೊಂದು ಬಿದ್ದಂತೆ ಇದ್ದವು. 7 ಅಂಕ ಕೊಟ್ಟು ಕೆಳಗೆ "ಬರವಣಿಗೆ ಸುಧಾರಿಸಿಕೊಳ್ಳಬೇಕು" ಎಂದು ಕೆಂಪು ಶಾಯಿಯಲ್ಲಿ ಬರೆದೆ. ಪತ್ರಿಕೆ ಹಂಚುವಾಗ ಪಕ್ಕದ ಹುಡುಗಿ ಹೇಳಿದಳು: "ಮಿಸ್, ಅವಳೀಗ ಬಲಗೈಲಿ ಬರೀತಾಳೆ. ನೀವೇ ಹೇಳಿದ್ರಲ್ಲ."

ಮಧ್ಯಾಹ್ನ ಊಟದ ನಂತರ ಅವಳನ್ನು ಕೂರಿಸಿಕೊಂಡು ಅದೇ ಪ್ರಶ್ನೆಗಳನ್ನು ಬಾಯಲ್ಲಿ ಕೇಳಿದೆ. ಸಂಪರ್ಕ ಬಲಕ್ಕೂ ಸಂಪರ್ಕ ರಹಿತ ಬಲಕ್ಕೂ ವ್ಯತ್ಯಾಸ ಹೇಳಿದಳು. ಒತ್ತಡದ ಸೂತ್ರ ಹೇಳಿದಳು. ಚೀಲದ ಪಟ್ಟಿ ಅಗಲವಾಗಿದ್ದರೆ ಭುಜಕ್ಕೆ ನೋವು ಕಡಿಮೆ ಏಕೆ ಎಂಬುದಕ್ಕೆ ನಾನು ಕೊಟ್ಟದ್ದಕ್ಕಿಂತ ಒಳ್ಳೆಯ ಉದಾಹರಣೆ ಕೊಟ್ಟಳು: ತಲೆಯ ಮೇಲೆ ಕೊಡ ಇಟ್ಟುಕೊಳ್ಳುವಾಗ ಕೆಳಗೆ ಇಡುವ ಸಿಂಬೆ. ನಾನು ಅಳೆದದ್ದು ಅವಳ ವಿಜ್ಞಾನವನ್ನಲ್ಲ, ಹನ್ನೊಂದು ದಿನದ ಬಲಗೈಯನ್ನು.

ಶನಿವಾರ ಅವಳ ತಾಯಿ ಬಂದರು. ಕ್ಷಮೆ ಕೇಳಬೇಕೆಂದು ಸಿದ್ಧಳಾಗಿದ್ದೆ. ಆದರೆ ಅವರು ನನಗೆ ಧನ್ಯವಾದ ಹೇಳಲು ಬಂದಿದ್ದರು. "ಊರಾಗ ಎಲ್ಲಾರೂ ಎಡಚಿ ಅಂತಾರ್ರೀ. ನಾನು ಎಷ್ಟು ಬಡಕೊಂಡ್ರೂ ಕೇಳಿದ್ದಿಲ್ಲ. ನೀವು ಒಂದು ಮಾತು ಹೇಳಿದ್ರಿ, ಬಲಗೈಲೆ ಬರಿಯಾಕ ಹತ್ಯಾಳ. ಭಾಳ ಖುಷಿ ಆತ್ರೀ."

ನನ್ನ ಕೈಯಲ್ಲಿ ಅವಳ 7 ಅಂಕದ ಪತ್ರಿಕೆ ಇತ್ತು.

ಹೋಲಿಕೆ ಎಲ್ಲಿ ತಪ್ಪಿತು

ಉದಾಹರಣೆ ಸತ್ಯವಾಗಿದ್ದರೂ ಅದರಿಂದ ತೆಗೆದ ತೀರ್ಮಾನ ತಪ್ಪಾಗಬಹುದು. ಮಾರ್ಗದರ್ಶಕ ಶಿಕ್ಷಕಿಯೊಂದಿಗೆ ಚರ್ಚಿಸಿದ ಮೇಲೆ ನನಗೆ ಮೂರು ವ್ಯತ್ಯಾಸಗಳು ಸ್ಪಷ್ಟವಾದವು.

ಒಂದು, ಕಾರಣ. ಕಾಕ್‌ಪಿಟ್‌ನಲ್ಲಿ ಎಡಗೈ ಬಳಸಲು ಯಂತ್ರದ ಕಾರಣವಿದೆ. ಇದಕ್ಕೆ ನಮ್ಮ ಮನೆಯಲ್ಲೇ ಉದಾಹರಣೆ ಇತ್ತು. ಅಪ್ಪ ಪೀಣ್ಯದಲ್ಲಿ ಟರ್ನರ್. ಲೇತ್ ಮೇಲೆ ತಿರುಗುತ್ತಿರುವ ಕೆಲಸಕ್ಕೆ ಅರ ಹಾಕುವಾಗ ಬಲಗೈಯವರೂ ಅರದ ಹಿಡಿಯನ್ನು ಎಡಗೈಯಲ್ಲಿ ಹಿಡಿಯಬೇಕು. "ಚಕ್ ಇರೋದು ಎಡಗಡೆ. ಎಂದಿನ ಹಾಗೆ ಹಿಡಿದ್ರೆ ಎಡಗೈ ತಿರುಗೋ ಚಕ್ ಮೇಲೆ ಚಾಚಬೇಕಾಗುತ್ತೆ. ತೋಳು ಸುತ್ತಿಕೊಂಡ್ರೆ ಮುಗೀತು" ಎನ್ನುತ್ತಾರೆ. ಬಿ.ಎಸ್ಸಿ.ಯಲ್ಲಿ ನಾವು ಟೈಟ್ರೇಷನ್ ಮಾಡುವಾಗಲೂ ಹಾಗೇ. ಬ್ಯುರೆಟ್ಟಿನ ತಿರುಪನ್ನು ಎಡಗೈಯಲ್ಲಿ ಹಿಡಿಯುತ್ತಿದ್ದೆವು, ಏಕೆಂದರೆ ಬಲಗೈ ಫ್ಲಾಸ್ಕನ್ನು ಆಡಿಸುತ್ತಿರಬೇಕು. ಪೆನ್ನಿಗೆ ಇಂಥ ಕಾರಣ ಯಾವುದೂ ಇಲ್ಲ. ಎಡಗೈಯಲ್ಲಿ ಬರೆದರೆ ಯಾರ ತೋಳೂ ಚಕ್‌ಗೆ ಸಿಕ್ಕುವುದಿಲ್ಲ.

ಎರಡು, ಕೆಲಸದ ಸ್ವರೂಪ ಮತ್ತು ಕೊಟ್ಟ ಕಾಲ. ಯೋಕ್ ಹಿಡಿಯುವುದು ಒರಟು ಕೌಶಲ. ಅಕ್ಷರ ಬರೆಯುವುದು ಬೆರಳ ತುದಿಯ ಸೂಕ್ಷ್ಮ ಕೌಶಲ. ನಕ್ಷತ್ರದ ಪ್ರಯೋಗದಲ್ಲಿ ಒಂದು ಕೈಯಿಂದ ಇನ್ನೊಂದಕ್ಕೆ ಹೋದದ್ದು ಮುಖ್ಯವಾಗಿ "ಕನ್ನಡಿಯಲ್ಲಿ ಮೇಲೆ ಕಂಡರೆ ಕೈ ಕೆಳಗೆ" ಎಂಬ ತಿಳಿವಳಿಕೆ. ವರ್ಷಗಟ್ಟಲೆ ಬರೆದು ಬಂದ ಬೆರಳಿನ ಹಿಡಿತ ಹಾಗೆ ಅನಾಯಾಸವಾಗಿ ದಾಟುವುದಿಲ್ಲ. ಹಾರಾಟ ಕಲಿಯುವವರಿಗೆ ಮೊದಲ ದಿನಗಳಲ್ಲಿ ಪಕ್ಕದ ಶಿಕ್ಷಕರು ರೇಡಿಯೋ ನೋಡಿಕೊಳ್ಳುತ್ತಾರೆ, ಬೇಕಾದಾಗ ಥ್ರಾಟಲನ್ನೂ. ಕಲಿಯುವವರ ಗಮನ ಒಂದೇ ಕೆಲಸದ ಮೇಲೆ ಇರಲಿ ಎಂದು. ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ನಾನು ಹುಡುಗಿಗೆ ಕೊಟ್ಟದ್ದು ಹನ್ನೊಂದು ದಿನ, ಪಕ್ಕದಲ್ಲಿ ಯಾರೂ ಇಲ್ಲ, ಮೇಲೆ ಪರೀಕ್ಷೆ.

ಮೂರು, ಬಲಿತ ಕೈಗೆ ಏನಾಯಿತು ಎಂಬುದು. ಪೈಲಟ್‌ನ ಬಲಗೈ ತನ್ನ ಕೆಲಸ ಬಿಟ್ಟುಕೊಟ್ಟಿಲ್ಲ. ಬರೆಯುವುದು ಈಗಲೂ ಅದೇ. ನಾನು ಪಾಠದಿಂದ ಬಿಟ್ಟದ್ದು ಇದನ್ನೇ. ಹುಡುಗಿಯ ಎಡಗೈ ಮಾತ್ರ ಬೆಂಚಿನ ಕೆಳಗೆ ತೊಡೆಯ ಮೇಲೆ ಸುಮ್ಮನೆ ಕೂತಿತ್ತು.

ಕಲಿಸುವವರ ಆಸನ

ಮತ್ತೊಮ್ಮೆ ಗೆಳತಿಯ ಅಣ್ಣನಿಗೆ ಫೋನ್ ಮಾಡಿದಾಗ ಅವರು ಇನ್ನೊಂದು ವಿಷಯ ಹೇಳಿದರು. ಹಾರಾಟ ಶಿಕ್ಷಕರಾಗುವವರು ಬಲಗಡೆಯ ಆಸನಕ್ಕೆ ಹೋಗಬೇಕು. ಅಲ್ಲಿ ಯೋಕ್ ಬಲಗೈಗೆ, ಥ್ರಾಟಲ್ ಎಡಗೈಗೆ. ಅವರು ಬಲಗೈಯವರೇ ಆಗಿದ್ದರೂ ಅದು ಸುಲಭವಲ್ಲ, ಏಕೆಂದರೆ ಅವರ ಹಾರಾಟವೆಲ್ಲ ಎಡಗೈಯಲ್ಲೇ ಬೆಳೆದದ್ದು. ಇಳಿಯುವಾಗ ರನ್‌ವೇ ಕಾಣುವ ಕೋನವೂ ಬೇರೆ. ಚೆನ್ನಾಗಿ ಹಾರಿಸಬಲ್ಲವರೂ ಕಲಿಸುವ ಮೊದಲು ಆ ಆಸನದಿಂದ ಮತ್ತೆ ಅಭ್ಯಾಸ ಮಾಡುತ್ತಾರೆ.

ನಾನು ಆ ಅಭ್ಯಾಸ ಮಾಡಿರಲಿಲ್ಲ. ಅಂದು ರಾತ್ರಿ ಮರುದಿನದ ಪಾಠ ಯೋಜನೆಯನ್ನು ಎಡಗೈಯಲ್ಲಿ ಬರೆಯಲು ಕೂತೆ. ಒಂದು ಪುಟಕ್ಕೆ ಊಟದ ಹೊತ್ತು ದಾಟಿತು. ಒತ್ತಕ್ಷರ ಬಂದಾಗಲೆಲ್ಲ ನಿಲ್ಲಬೇಕಾಗುತ್ತಿತ್ತು. "ಉದ್ದೇಶಗಳು" ಎಂಬ ಪದದಲ್ಲಿ ದಕಾರದ ಒತ್ತು ಎಲ್ಲಿ ಬರಬೇಕೆಂದು ಯೋಚಿಸುವಷ್ಟರಲ್ಲಿ ಏನು ಉದ್ದೇಶ ಎಂಬುದೇ ಮರೆತುಹೋಗಿತ್ತು. ಎಡದಿಂದ ಬಲಕ್ಕೆ ಬರೆಯುವ ನಮ್ಮ ಲಿಪಿಯಲ್ಲಿ ಎಡಗೈ ಈಗಷ್ಟೇ ಬರೆದದ್ದನ್ನು ಮುಚ್ಚುತ್ತಾ, ಶಾಯಿಯನ್ನು ಒರೆಸುತ್ತಾ ಹೋಗುತ್ತದೆ ಎಂಬುದೂ ಆಗ ತಿಳಿಯಿತು. ಎಡಗೈಯವರು ದಿನವೂ ಅದನ್ನು ನಿಭಾಯಿಸಿಕೊಂಡು ಬರೆಯುತ್ತಾರೆ.

ಮರುಪಾಠ

ಮುಂದಿನ ಪಾಠದ ಪೀಠಿಕೆಯಲ್ಲೇ ಹೇಳಿದೆ: "ಹೋದ ಸಲ ನಾನೊಂದು ತಪ್ಪು ಮಾತು ಹೇಳಿದೆ." ನನ್ನ ಎಡಗೈ ಬರಹದ ಪುಟವನ್ನು ಎಲ್ಲರಿಗೂ ತೋರಿಸಿದೆ. ಬಹಳ ನಕ್ಕರು. ಆಮೇಲೆ ಗುಂಪು ಚಟುವಟಿಕೆ: ಮನೆಯಲ್ಲಿ, ರಸ್ತೆಯಲ್ಲಿ, ಕಾರ್ಖಾನೆಯಲ್ಲಿ ಯಾವ ಕೆಲಸಕ್ಕೆ ಯಾವ ಕೈ, ಏಕೆ? ಆಟೋದಲ್ಲಿ ಎಡಗೈಗೆ ಕ್ಲಚ್ ಮತ್ತು ಗೇರ್, ಬಲಗೈಗೆ ಆಕ್ಸಿಲರೇಟರ್. ಕಾರಿನಲ್ಲಿ ಬಲಗೈ ಸ್ಟೀರಿಂಗಿನಲ್ಲಿ, ಗೇರ್ ಬದಲಿಸುವುದು ಎಡಗೈ. ಲೇತ್, ಹೊಲಿಗೆ ಯಂತ್ರ, ತರಕಾರಿ ಹೆಚ್ಚುವುದು ಎಲ್ಲ ಬಂದವು. ಪ್ರತಿ ಸಾಲಿನ ಮುಂದೆ "ಯಂತ್ರದ ಕಾರಣ" ಅಥವಾ "ಬರೀ ರೂಢಿ" ಎಂದು ಬರೆಯಬೇಕಿತ್ತು. ಬರೆಯುವ ಕೈಗೆ ಮಕ್ಕಳೇ "ರೂಢಿ" ಎಂದು ಬರೆದರು.

ಮೂರನೇ ಬೆಂಚಿನಿಂದ ಪ್ರಶ್ನೆ ಬಂತು: "ಹಂಗಾರ ನಾನು ಎಡಗಡೆ ಸೀಟಿಗೆ ಛಲೋ ಆಗ್ತೀನಲ್ರೀ?" ಯೋಕ್ ನಿನಗೆ ಸುಲಭ, ಆದರೆ ಥ್ರಾಟಲ್ ಮತ್ತು ರೇಡಿಯೋ ಬಲಗೈಯಲ್ಲಿ ಕಲಿಯಬೇಕು ಎಂದೆ. "ಅದಕ್ಕ ಕಾರಣ ಐತಲ್ರೀ, ಕಲೀತೀನಿ" ಎಂದಳು.

ಮುಖ್ಯ ಶಿಕ್ಷಕರ ಅನುಮತಿ ಪಡೆದು ಅವಳಿಗೆ ಸಮಾನ ಮಟ್ಟದ ಇನ್ನೊಂದು ಪ್ರಶ್ನೆಪತ್ರಿಕೆ ಕೊಟ್ಟೆ. ಎಡಗೈಯಲ್ಲಿ ಬರೆದಳು, 16 ಅಂಕ. ಎರಡೂ ಪತ್ರಿಕೆಗಳನ್ನು ತಾಯಿಯ ಮುಂದೆ ಇಟ್ಟೆ. ಅವರು ಬಹಳ ಹೊತ್ತು ನೋಡಿದರು. ಕಾರ್ಖಾನೆಯ ಯಂತ್ರಗಳೆಲ್ಲ ಬಲಗೈಯವರಿಗೇ ಇರುವುದಲ್ಲ ಎಂದರು. ಅದು ನಿಜ, ಅಂಥ ಯಂತ್ರ ಬಂದ ದಿನ ಪೈಲಟ್‌ಗಳಂತೆ ಅವಳೂ ಕಲಿಯುತ್ತಾಳೆ ಎಂದೆ. ಕೊನೆಗೆ ಅವರು, "ಬರಿಯೋದು ಎಡಗೈಲೆ ಬರೀಲಿ. ಉಣ್ಣೋದು ಮಾತ್ರ ಬಲಗೈಲೆ ಉಣ್ಲಿ" ಎಂದರು. ಅದು ಅವರ ಮನೆಯ ವಿಷಯ. ನಾನು ವಾದಿಸಲಿಲ್ಲ.

ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸಲಹೆಗಳು

ಸುಮಾರು ಹತ್ತು ಜನರಲ್ಲಿ ಒಬ್ಬರು ಎಡಗೈಯವರು. ನಮ್ಮ ಬಹುತೇಕ ತರಗತಿಗಳಲ್ಲಿ ಅಂಥ ಮಕ್ಕಳು ಇದ್ದೇ ಇರುತ್ತಾರೆ.

1. ಎಡಗೈ ಮಗುವನ್ನು ಬೆಂಚಿನ ಎಡತುದಿಯಲ್ಲಿ ಕೂರಿಸಿ. ನಡುವೆ ಕೂತರೆ ಪಕ್ಕದವರ ಮೊಣಕೈಗೆ ತಾಗುತ್ತದೆ, ಬೈಗುಳ ಅವರಿಗೇ ಬೀಳುತ್ತದೆ.

2. ನೋಟ್‌ಬುಕ್ಕಿನ ಮೇಲಂಚನ್ನು ಬಲಕ್ಕೆ ಓರೆಯಾಗಿಡಲು, ಪೆನ್ನನ್ನು ಮೊನೆಯಿಂದ ತುಸು ಮೇಲೆ ಹಿಡಿಯಲು ಹೇಳಿಕೊಡಿ. ಬರೆದದ್ದು ಕಾಣುತ್ತದೆ, ಒರೆಸಿಹೋಗುವುದೂ ಕಡಿಮೆ.

3. ಪ್ರಯೋಗಾಲಯದಲ್ಲಿ ಬ್ಯುರೆಟ್ ಸ್ಟ್ಯಾಂಡನ್ನು ಅವರಿಗೆ ಅನುಕೂಲವಾಗುವಂತೆ ತಿರುಗಿಸಿಕೊಳ್ಳಲು ಬಿಡಿ.

4. 10ನೇ ತರಗತಿಯಲ್ಲಿ ಫ್ಲೆಮಿಂಗನ ಎಡಗೈ ನಿಯಮ ಮಾಡುವಾಗ ಮೊದಲು ಎಲ್ಲರೂ ಪೆನ್ನು ಕೆಳಗಿಡಲಿ. ಎಡಗೈಯವರ ಪೆನ್ನು ಎಡಗೈಯಲ್ಲೇ ಇರುವುದರಿಂದ ಅವರು ಖಾಲಿ ಇರುವ ಬಲಗೈಯನ್ನು ಎತ್ತಿ ಉತ್ತರ ತಪ್ಪಿಸಿಕೊಳ್ಳುವ ಸಾಧ್ಯತೆ ಇದೆ.

5. ಬರೆದದ್ದು ಕಡಿಮೆ ಇದ್ದರೆ ಅಂಕ ಹಾಕುವ ಮುನ್ನ ಒಮ್ಮೆ ಬಾಯಲ್ಲಿ ಕೇಳಿ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಲ್ಲಿ ಇದಕ್ಕೆ ಅವಕಾಶವಿದೆ.

6. ಸ್ಫೂರ್ತಿಗಾಗಿ ಉದಾಹರಣೆ ಕೊಡುವಾಗ, ಆ ಉದಾಹರಣೆ ಯಾರ ಮೇಲೆ ಭಾರವಾಗಿ ಬೀಳಬಹುದು ಎಂದು ಪಾಠ ಯೋಜನೆಯಲ್ಲೇ ಒಂದು ಸಾಲು ಬರೆದುಕೊಳ್ಳಿ. ನನ್ನ ಯೋಜನೆಯ ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. "ಪೂರ್ವಜ್ಞಾನ"ದ ಕೆಳಗೆ ನಾನೇ ಗೆರೆ ಎಳೆದು ಸೇರಿಸಿಕೊಂಡಿದ್ದೇನೆ.